ನಾಲ್ಕನೆಯ ಗೂಡು

ಕೊಳ್ಳೇಗಾಲದಲ್ಲಿ ಕೆಂಪನಂಜಪ್ಪನ ಶೆಡ್ಡು ಎಲ್ಲಿ ಎಂದು ಕೇಳಿದರೆ ಯಾರೂ ಶೆಡ್ಡಿನ ಗುರುತು ಹೇಳುತ್ತಿರಲಿಲ್ಲ. ಅವನ ಗುರುತು ಹೇಳುತ್ತಿದ್ದರು.

"ಅನೂರು ರೋಡಲ್ಲಿ ಸೀದಾ ಓಗಿ ಸಾ. ಕೈಲಿ ಸ್ಪ್ಯಾನರ್ ಇಡ್ಕಂಡು ಯಾವ್ದಾರ ಲಾರಿ ಇಂದೆ ಒಬ್ಬ ಓಡ್ತಾ ಇರ್ತಾನೆ. ಅವನು ಸುಸ್ತಾಗಿ ವಾಪಸ್ ಎಲ್ಲಿಗೆ ಬತ್ತಾನೋ ಅದೇ ಶೆಡ್ಡು."

ಹೇಳುವವರು ಉಪ್ಪುಖಾರ ಹಚ್ಚಿ ಹೇಳುತ್ತಿದ್ದರು, ನಿಜ. ಆದರೆ ಹಚ್ಚಿದ್ದು ಉಪ್ಪುಖಾರ ಮಾತ್ರ. ಕೆಳಗಿನ ಸೌತೆಕಾಯಿ ನಿಜವಾದದ್ದೇ. ಕಾಯಿಲೆ ಬಿದ್ದ ಎಂಜಿನ್ನಿನ ಸದ್ದು ಕಿವಿಗೆ ಬಿದ್ದರೆ ಕೆಂಪನಂಜಪ್ಪನಿಗೆ ಕೂತಲ್ಲಿ ಕೂರಲಾಗುತ್ತಿರಲಿಲ್ಲ. ತುತ್ತು ಬಾಯಿಗೆ ಹೋಗುತ್ತಿದ್ದರೆ ತಟ್ಟೆಗೆ ಇಳಿಯುತ್ತಿತ್ತು. ಒಮ್ಮೆ ಮೆಟ್ಟೂರು ಕಡೆಯ ಲಾರಿಯೊಂದು ಕೆಮ್ಮುತ್ತ ಹೋಗುವುದನ್ನು ಕೇಳಿ ಹಿಂದೆ ಓಡಿದ. ಕನ್ನಡ ಬಾರದ ಡ್ರೈವರು, ಕೈಯಲ್ಲಿ ಕಬ್ಬಿಣ ಹಿಡಿದು ಓಡಿಬರುವವನನ್ನು ಕನ್ನಡಿಯಲ್ಲಿ ಕಂಡು, ದರೋಡೆಯೆಂದೇ ಹೆದರಿ ಪೊಲೀಸ್ ಠಾಣೆಯ ಮುಂದೆ ಹೋಗಿ ಲಾರಿ ನಿಲ್ಲಿಸಿದ. ಠಾಣೆಯ ಅಂಗಳದಲ್ಲೇ ಕೆಂಪನಂಜಪ್ಪ ಅದರ ವಾಲ್ವು ಸರಿಮಾಡಿ ಕಳಿಸಿದ. ಅವನ ಹೆಂಡತಿ ಪುಟ್ಟಬಸಮ್ಮನನ್ನು ಕೇಳಿದರೆ ಅವಳದು ಇನ್ನೂ ಹಿಂದಿನ ದೂರು. "ನನ್ನ ಕೊರಳಿಗೆ ತಾಳಿ ಕಟ್ಟೋವಾಗ್ಲೂ ಕಿವಿ ದಿಬ್ಬಣದ ಟೆಂಪೋ ಕಡೇಕೆ ಇತ್ತು. ಮೂರು ಗಂಟಲ್ಲಿ ಒಂದು ಸಡಿಲಾಗೇ ಅದೆ, ಬೇಕಾರೆ ನೋಡಿ."

ಅವನು ಹುಟ್ಟಿದ್ದು ರೇಷ್ಮೆ ನೂಲು ಬಿಚ್ಚುವ ಮನೆಯಲ್ಲಿ. ಅಪ್ಪ ದೊಡ್ಡಮಾದಪ್ಪ ಬೆಳಗಿನಿಂದ ಸಂಜೆಯ ತನಕ ಕುದಿನೀರಿನ ಬಾನಿಯ ಮುಂದೆ ಕೂತು, ಬೆಂದ ಗೂಡುಗಳಿಂದ ಕಣ್ಣಿಗೆ ಕಾಣದ ಎಳೆ ಹಿಡಿದು ಚರಕಕ್ಕೆ ಕೊಡುತ್ತಿದ್ದವನು. ಆ ಕೆಲಸಕ್ಕೆ ಕೈ ಎಷ್ಟು ಬೇಕೋ ಕುಂಡಿಯೂ ಅಷ್ಟೇ ಬೇಕು. ಎದ್ದರೆ ಎಳೆ ಹರಿಯಿತು. ಮಗನನ್ನು ಕೂರಿಸಿದರೆ ಗಳಿಗೆಗೊಮ್ಮೆ ಬಾಗಿಲಿಗೆ ಓಡುತ್ತಿದ್ದ. ಹೋದ ಬಸ್ಸು ಯಾವುದೆಂದು ಸದ್ದಿನಲ್ಲೇ ಗೊತ್ತಾಗಿದ್ದರೂ ಕಣ್ಣಲ್ಲಿ ನೋಡದೆ ಸಮಾಧಾನವಿಲ್ಲ. "ಇವನು ಇರೋ ಗಂಟ ಈ ಮನೇಲಿ ಒಂದು ಸೇರು ನೂಲು ಆಗಕ್ಕಿಲ್ಲ" ಎಂದು ಅಪ್ಪನೇ ಅವನನ್ನು ಕುಂತೂರಿಗೆ ಕಳಿಸಿದ. ಅಲ್ಲಿ ಸಕ್ಕರೆ ಕಾರ್ಖಾನೆಗೆ ಕಬ್ಬು ಹೊರುವ ಟ್ರಾಕ್ಟರುಗಳ ಅಡಿಯಲ್ಲಿ ಹತ್ತು ವರ್ಷ ಮಲಗಿ ಎದ್ದು, ಎಂಬತ್ತನಾಲ್ಕರಲ್ಲಿ ಊರಿಗೆ ಬಂದು ಸ್ವಂತ ಶೆಡ್ಡು ಹಾಕಿದ.

ಮನೆಯ ಕಸುಬಿನಿಂದ ಅವನು ತನ್ನ ಕಸುಬಿಗೆ ತಂದದ್ದು ಒಂದೇ, ತೂತು ಗೂಡು. ಚಿಟ್ಟೆ ಕೊರೆದು ಹೊರಗೆ ಬಂದ ರೇಷ್ಮೆಗೂಡಿನಿಂದ ನೂಲು ಬರುವುದಿಲ್ಲ. ನೂಲು ಬಿಚ್ಚುವವರು ಅದನ್ನು ಮೂಲೆಗೆ ಎಸೆಯುತ್ತಾರೆ. ಗಾಡಿಯ ಎಣ್ಣೆ ಪೈಪು ಬಿಚ್ಚಿಟ್ಟಾಗ ಅದರ ಬಾಯಿಗೆ ಏನಾದರೂ ತುರುಕಬೇಕು, ಇಲ್ಲದಿದ್ದರೆ ಧೂಳು, ಮರಳು, ಇರುವೆ ಒಳಗೆ ಹೋಗುತ್ತವೆ. ಬೇರೆ ಮೇಸ್ತ್ರಿಗಳು ಹಳೆಬಟ್ಟೆ ತುರುಕುತ್ತಿದ್ದರು. ಬಟ್ಟೆ ಜುಂಗು ಬಿಡುತ್ತದೆ, ಕಾಗದ ನೆನೆದು ಹರಿಯುತ್ತದೆ. ತೂತು ಗೂಡು ಹಾಗಲ್ಲ. ಎಷ್ಟು ಹಿಚುಕಿದರೆ ಅಷ್ಟು ಸಣ್ಣಗಾಗಿ ಒಳಗೆ ಹೋಗಿ, ಅಲ್ಲೇ ಅರಳಿ ಬಿರಡೆಯ ಹಾಗೆ ಕೂರುತ್ತದೆ, ಒಂದು ಎಳೆ ಬಿಡುವುದಿಲ್ಲ. ಮೊದಲು ನಕ್ಕ ಮೇಸ್ತ್ರಿಗಳೇ ಆಮೇಲೆ ಪುಟ್ಟಬಸಮ್ಮನ ಮುಂದೆ ಬಂದು, "ಅಕ್ಕ, ಒಂದು ಬೊಗಸೆ ತೂತು ಗೂಡಿದ್ರೆ ಕೊಡಿ" ಎಂದು ಕೈ ಒಡ್ಡುವಂತಾಯಿತು. ಅವಳೂ ಮನೆಯ ಹಿಂದೆ ಚರಕ ಹಾಕಿಕೊಂಡಿದ್ದವಳು.

ಈ ಪದ್ಧತಿಗೆ ಕೆಂಪನಂಜಪ್ಪ ತನಗೆ ತಾನೇ ಒಂದು ಕಟ್ಟಳೆ ಹಾಕಿಕೊಂಡಿದ್ದ. ಪೈಪಿನಿಂದ ತೆಗೆದ ಗೂಡು ಕೈಯಿಂದ ಸೀದಾ ಪಕ್ಕದಲ್ಲಿಟ್ಟ ಡಬ್ಬಿಯ ಮುಚ್ಚಳಕ್ಕೆ ಬೀಳಬೇಕು. ಕೆಲಸ ಮುಗಿದ ಮೇಲೆ ಮುಚ್ಚಳ ನೋಡಿ ಎಣಿಸಬೇಕು. ಇಟ್ಟಷ್ಟು ಬಂದಿದ್ದರೆ ಮಾತ್ರ ಎಂಜಿನ್ ಚಾಲೂ. ಹನ್ನೆರಡು ವರ್ಷ ಈ ಕಟ್ಟಳೆ ಒಂದು ಸಲವೂ ತಪ್ಪಲಿಲ್ಲ. ತಪ್ಪಿದ್ದು ತೊಂಬತ್ತಾರರಲ್ಲಿ, ಯಳಂದೂರಿನ ವ್ಯಾನಿನ ವಿಷಯದಲ್ಲಿ.

ಯಳಂದೂರಿನ ಪಕ್ಕದಲ್ಲಿ ಒಂದು ಸಣ್ಣ ಕಣ್ಣಾಸ್ಪತ್ರೆಯಿತ್ತು. ಪರದೇಶದ ಯಾರೋ ಪುಣ್ಯಾತ್ಮರು ತಾವು ಹತ್ತು ವರ್ಷ ಓಡಿಸಿದ ವ್ಯಾನೊಂದನ್ನು ಹಡಗಿಗೆ ಹಾಕಿ ಆ ಆಸ್ಪತ್ರೆಗೆ ದಾನ ಕಳಿಸಿದ್ದರು. ಅದಕ್ಕೆ ಕ್ಲಚ್ಚೇ ಇರಲಿಲ್ಲ. ಗೇರು ತಾನಾಗಿ ಬದಲಾಗುತ್ತಿತ್ತು. ಡ್ರೈವರ್ ಚಿನ್ನಸ್ವಾಮಿ ಬೆಟ್ಟದಾಚೆಯ ಕಾಡಂಚಿನ ಗೋಪಿನಾಥಂನವನು, ಅರ್ಧ ಕನ್ನಡ ಅರ್ಧ ತಮಿಳಿನವನು. ಮೊದಲ ಮೂರು ತಿಂಗಳು ಅವನ ಎಡಗಾಲು ಇಲ್ಲದ ಕ್ಲಚ್ಚನ್ನು ತುಳಿದು ತುಳಿದು ವ್ಯಾನಿನ ನೆಲದ ಬಣ್ಣ ಕಿತ್ತುಹೋಯಿತು. ಬೇರೆ ಮೇಸ್ತ್ರಿಗಳು, "ಗೇರಾಕದೆ ಓಡೋ ಗಾಡಿ, ದೆವ್ವ ಮೆಟ್ಕಂಡಿರೋದು" ಎಂದು ದೂರ ನಿಂತರು. ಹತ್ತಿರ ಹೋದವನು ಕೆಂಪನಂಜಪ್ಪ ಒಬ್ಬನೇ. ಗೇರುಪೆಟ್ಟಿಗೆಯೊಳಗೆ ಕೆಂಪು ಎಣ್ಣೆ ಇದೆ, ಎಲ್ಲ ಕೆಲಸವೂ ಆ ಎಣ್ಣೆಯ ಒತ್ತಡದ್ದೇ ಎಂದು ಕಂಡುಕೊಂಡ. ಎಣ್ಣೆ ಕಾಯುತ್ತದೆ, ಕಾದದ್ದು ಒಂದು ಪೈಪಿನಲ್ಲಿ ಮುಂದಕ್ಕೆ ಹೋಗಿ, ರೇಡಿಯೇಟರಿನ ಬುಡದಲ್ಲಿರುವ ಕೂಲರಿನಲ್ಲಿ ಹದಕ್ಕೆ ತಣಿದು, ಇನ್ನೊಂದು ಪೈಪಿನಲ್ಲಿ ಹಿಂದಕ್ಕೆ ಬರಬೇಕು. ಬರದಿದ್ದರೆ ಗೇರುಪೆಟ್ಟಿಗೆ ಸುಟ್ಟ ರೊಟ್ಟಿ. ಅದರ ಬಿಡಿಭಾಗ ಈ ದೇಶದಲ್ಲೇ ಸಿಗುವುದಿಲ್ಲ. ಸುಟ್ಟ ದಿನವೇ ವ್ಯಾನು ಗುಜರಿಗೆ, ಗೋಪಿನಾಥಂನಿಂದ ಮುದುಕರನ್ನು ಇಳಿಸಿ ತರುವ ಏಕೈಕ ಗಾಡಿಯೂ ಅದರೊಂದಿಗೆ ಹೋದಂತೆ.

ಆ ವರ್ಷ ಕಬ್ಬು ಕಡಿಯುವ ಕಾಲದಲ್ಲಿ ಆಸ್ಪತ್ರೆಯ ಅಂಗಳದಲ್ಲಿ ಕೆಂಪು ಕಲೆಗಳು ಕಾಣಿಸಿಕೊಂಡವು. ಚಿನ್ನಸ್ವಾಮಿ ಎಲೆಅಡಿಕೆ ಉಗುಳುತ್ತಾನೆಂದು ಕಾವಲುಗಾರ ಎರಡು ದಿನ ಜಗಳ ಕಾದ. ಮೂರನೆಯ ದಿನ ಚಿನ್ನಸ್ವಾಮಿ ವ್ಯಾನಿನಡಿ ಬಗ್ಗಿ ನೋಡಿ, ಉಗುಳುತ್ತಿರುವವರು ಯಾರೆಂದು ತಿಳಿದು, ಸಂಜೆಯ ಹೊತ್ತಿಗೆ ಗಾಡಿಯನ್ನು ಕೊಳ್ಳೇಗಾಲದ ಶೆಡ್ಡಿಗೆ ತಂದ.

"ಅಣ್ಣಾ, ನಾಳೆ ಗೋಪಿನಾಥಂ ಟ್ರಿಪ್ಪು. ಪರವಾಯಿಲ್ಲೆ ಅಂತ ಏಳು, ಓಯ್ತೀನಿ."

"ಪರವಾಯಿಲ್ಲೆ ಅನ್ನಕ್ಕೆ ನಾನೇನು ನಿಮ್ಮತ್ತೆನಾ? ಬಿಡು ಇಲ್ಲಿ."

ಟ್ರಿಪ್ಪು ಸಣ್ಣದಲ್ಲ. ನಾಡಿದ್ದು ಮೈಸೂರಿನಿಂದ ದೊಡ್ಡ ಡಾಕ್ಟರು ಪೊರೆ ತೆಗೆಯಲು ಬರುವವರಿದ್ದರು. ಬಂದರೆ ಒಂದೇ ದಿನ; ತಪ್ಪಿದರೆ ಮತ್ತೆ ಮೂರು ತಿಂಗಳು. ಗೋಪಿನಾಥಂನಲ್ಲಿ ಕಣ್ಣು ಮಸುಕಾದ ಒಂಬತ್ತು ಮಂದಿ ಬಟ್ಟೆ ಗಂಟು ಕಟ್ಟಿಕೊಂಡು ಕಾಯುತ್ತಿದ್ದರು. ಅಲ್ಲಿಗೆ ಬಸ್ಸು ಬಂದರೆ ಬಂತು. ಮೇಲಾಗಿ ಕಾಡುಗಳ್ಳರ ಭಯದ ಆಗಿನ ದಿನಗಳಲ್ಲಿ ಆ ಕಾಡುದಾರಿಯಲ್ಲಿ ಸಂಜೆ ಆರಕ್ಕೆ ಚೆಕ್‌ಪೋಸ್ಟಿನ ಗೇಟು ಹಾಕುತ್ತಿದ್ದರು. ಹಾಕಿದರೆ ಬೆಳಗಾಗುವ ತನಕ ತೆಗೆಯುತ್ತಿರಲಿಲ್ಲ.

ಮರುದಿನ ಹೊತ್ತು ಮೂಡುವಾಗಲೇ ಕೆಂಪನಂಜಪ್ಪ ವ್ಯಾನಿನಡಿ ಸೇರಿದ. ಕೂಲರಿನಿಂದ ಹಿಂದಕ್ಕೆ ಬರುವ ಪೈಪು ಒಂದು ಕಬ್ಬಿಣದ ಪಟ್ಟಿಗೆ ಉಜ್ಜಿ ಉಜ್ಜಿ ಸವೆದು, ಸೂಜಿ ಮೊನೆಯಷ್ಟು ತೂತಾಗಿತ್ತು. ಅಷ್ಟು ತೂತಿಗೆ ಸೋಪು ಮೆತ್ತಿ ಕಳಿಸುವ ಮೇಸ್ತ್ರಿಗಳೂ ಇದ್ದಾರೆ. ಒತ್ತಡದ ಬಿಸಿ ಎಣ್ಣೆಯ ಮುಂದೆ ಸೋಪು ಎಷ್ಟು ಹೊತ್ತು ನಿಂತೀತು? ಅವನು ಎರಡೂ ಪೈಪುಗಳನ್ನು ಬಿಚ್ಚಿ ಕೆಳಗಿಳಿಸಿದ. ಕೂಲರಿನ ಎರಡು ಬಾಯಿಗೆ ಎರಡು ಗೂಡು, ಗೇರುಪೆಟ್ಟಿಗೆಯ ಎರಡು ಬಾಯಿಗೆ ಎರಡು ಗೂಡು, ಒಟ್ಟು ನಾಲ್ಕು. ಕುಂತೂರಿನ ಗುಜರಿ ಟ್ರಾಕ್ಟರಿನಿಂದ ತಂದಿಟ್ಟಿದ್ದ ಉಕ್ಕಿನ ಪೈಪನ್ನು ಅಳೆದು ಕತ್ತರಿಸಿ, ಬಗ್ಗಿಸಿ, ತುದಿಗಳನ್ನು ತುತ್ತೂರಿಯ ಹಾಗೆ ಅರಳಿಸಿದ. ಮತ್ತೆ ಉಜ್ಜದಂತೆ ಪಟ್ಟಿಯ ಜಾಗಕ್ಕೆ ಸೈಕಲ್ ಟ್ಯೂಬಿನ ತುಂಡು ಸುತ್ತಿದ. ಕೂಡಿಸುವ ಹೊತ್ತಿಗೆ ಹತ್ತೂವರೆ. ಚಿನ್ನಸ್ವಾಮಿ ವ್ಯಾನಿನ ಸುತ್ತ ಗಾಣದ ಎತ್ತಿನಂತೆ ಸುತ್ತುತ್ತಿದ್ದ.

ಗೇರುಪೆಟ್ಟಿಗೆ ಕಡೆಯ ಎರಡು ಗೂಡು ಮುಚ್ಚಳಕ್ಕೆ ಬಿದ್ದವು. ಆ ಕಡೆಯ ನಟ್ಟು ಬಿಗಿಯಾಯಿತು. ಮುಂದೆ ಬಂದು ಕೂಲರಿನ ಮೇಲಿನ ಬಾಯಿಯ ಗೂಡು ತೆಗೆದ, ಮೂರು. ಆಗ ರಸ್ತೆಯಲ್ಲಿ ಒಂದು ಲಾರಿ ಹೋಯಿತು. ಅದರ ಸದ್ದಿನಲ್ಲಿ ಟಕಟಕ, ನಡುನಡುವೆ ಒಂದು ಲಟ್. ಕೆಂಪನಂಜಪ್ಪನ ಕಾಲು ವ್ಯಾನಿನಡಿಯಿಂದ ತಾನಾಗಿ ಹೊರಗೆ ಬಂತು.

"ಬೇರಿಂಗು ಕಣ್ಲಾ, ಇವತ್ತೋ ನಾಳೆಯೋ ಒಡೀತದೆ" ಎನ್ನುತ್ತ ರಸ್ತೆಗೆ ಓಡಿದ. ಲಾರಿ ನಿಲ್ಲಲಿಲ್ಲ. ಮಾರ್ಕೆಟ್ಟಿನ ತಿರುವಿನ ತನಕ ಹೋಗಿ, ಏದುಸಿರು ಬಿಡುತ್ತ, ಡ್ರೈವರನ್ನು ಬೈಯುತ್ತ ವಾಪಸು ಬಂದ. ಮನಸ್ಸಿನ್ನೂ ಲಾರಿಯ ಹಿಂದೆ. ಕೈ ಮಾತ್ರ ವ್ಯಾನಿನಡಿ. ಎರಡು ಪೈಪೂ ಕೂರಿಸಿ ನಟ್ಟು ಬಿಗಿದ. ಬಿಗಿದನೋ ಇಲ್ಲವೋ ಚಿನ್ನಸ್ವಾಮಿ ಎಂಜಿನ್ ಚಾಲೂ ಮಾಡಿಯೇ ಬಿಟ್ಟ. ಒಂದು ತೊಟ್ಟೂ ಜಿನುಗಲಿಲ್ಲ. ಮೇಸ್ತ್ರಿಯ ಮುಖ ಅರಳಿತು.

"ಇನ್ನು ಅತ್ತು ವರ್ಷ ಈ ಪೈಪಿನ ಮಾತು ನನ್ನತ್ರ ಎತ್ತಬ್ಯಾಡ. ಓಗು."

ವ್ಯಾನು ಹೋಯಿತು. ಪುಟ್ಟಬಸಮ್ಮ ತಂದಿಟ್ಟ ಕಾಫಿ ಹಿಡಿದು ಕೂತ. ಒಂದು ಗುಟುಕು ಕುಡಿದ. ಕಣ್ಣು ಮುಚ್ಚಳದ ಮೇಲೆ ಹೋಯಿತು.

ಮೂರು.

ಲೋಟ ಕೆಳಗಿಟ್ಟು ಬೆಂಚಿನಡಿ ನೋಡಿದ. ಅಂಗಿ ಜೇಬು ನೋಡಿದ. ಚಡ್ಡಿ ಜೇಬು ನೋಡಿದ. ವ್ಯಾನು ನಿಂತಿದ್ದ ಜಾಗದಲ್ಲಿ ಮಂಡಿಯೂರಿ ಮಣ್ಣು ಕೆದಕಿದ. ಪಕ್ಕದಲ್ಲಿ ಮೇಯುತ್ತಿದ್ದ ಕೋಳಿಯನ್ನು ಅನುಮಾನದಿಂದ ನೋಡಿದ. ಕೋಳಿ ಗೂಡು ತಿನ್ನುತ್ತದೆಯೇ?

"ಏನ್ ಬಿತ್ತು, ಚಿನ್ನವಾ?" ಎಂದಳು ಪುಟ್ಟಬಸಮ್ಮ.

"ಒಂದು ಗೂಡು ಕಾಣೆ."

"ಒಂದು ತೂತು ಗೂಡಿಗೆ ಇಷ್ಟು ಉಡುಕಾಟವಾ? ಇತ್ಲಲ್ಲಿ ಮೂಟೆ ಅದೆ, ಬೇಕಾದಷ್ಟು ತಕಾ."

ಅವನ ಮುಖ ನೋಡಿದ ಮೇಲೆ ಅವಳಿಗೆ ಅರ್ಥವಾಯಿತು. ಗೂಡು ಎಲ್ಲಿ ಕಾಣೆಯಾಗಿರಬಹುದು ಎಂಬುದು ಮೇಸ್ತ್ರಿಯ ಹೆಂಡತಿಗೆ ಗೊತ್ತಿಲ್ಲದ್ದಲ್ಲ.

"ಮೂರೇ ಇಟ್ಟಿದ್ನೇನೋ" ಎಂದ.

"ಇಟ್ಟೋನು ನೀನು. ನನ್ನ ಕೇಳಿದ್ರೆ?"

"ಕೋಳಿ ತಿಂದಿರ್ಬೇಕು."

"ತಿಂದಿದ್ರೆ ಕೋಳಿ ಕುಯ್ದು ನೋಡಾವ. ತಿಂದಿಲ್ದೆ ಓದ್ರೆ?"

ಅವನು ಎರಡು ಸ್ಪ್ಯಾನರು ಸೊಂಟಕ್ಕೆ ಸಿಕ್ಕಿಸಿಕೊಂಡ. ಹೊರಟವನ ಕೈಗೆ ಪುಟ್ಟಬಸಮ್ಮ ಓಡಿ ಬಂದು ಕೆಂಪು ಎಣ್ಣೆಯ ಎರಡು ಲೀಟರಿನ ಡಬ್ಬಿ ತುರುಕಿದಳು. ಅದು ಅವನಿಗೆ ನೆನಪೇ ಇರಲಿಲ್ಲ.

ಗೋಪಿನಾಥಂ ದಾರಿಯಲ್ಲಿರುವ ಬೆಟ್ಟಕ್ಕೆ ಹೋಗುವ ಬಸ್ಸು ಸಿಕ್ಕಿತು. ಅವನು ಸೀಟಿನಲ್ಲಿ ಕೂರಲಿಲ್ಲ, ಬಾಗಿಲಲ್ಲಿ ನಿಂತ. ಬಸ್ಸು ಊರಿಗೊಂದು ಸಲ, ಮರಕ್ಕೊಂದು ಸಲ ನಿಲ್ಲುತ್ತಿತ್ತು. ನಿಂತಾಗಲೆಲ್ಲ ಇಳಿದು ರಸ್ತೆಯಲ್ಲಿ ಕೆಂಪು ತೊಟ್ಟು ಹುಡುಕುತ್ತಿದ್ದ. ಇಲ್ಲದಿದ್ದುದಕ್ಕೆ ಸಮಾಧಾನಪಡುವ ಬದಲು ಹೆಚ್ಚು ತಳಮಳಪಡುತ್ತಿದ್ದ. ಸೋರಿದರೆ ಕಣ್ಣಿಗೆ ಕಾಣುತ್ತದೆ. ಒಳಗೇ ಕಟ್ಟಿಕೊಂಡದ್ದು ಯಾರಿಗೆ ಕಾಣುತ್ತದೆ? ಗೂಡು ಪೂರ್ತಿ ಬಿರಡೆಯಲ್ಲ, ಚಿಟ್ಟೆಯ ತೂತಿನಲ್ಲಿ ಒಂದಿಷ್ಟು ಎಣ್ಣೆ ನುಸುಳುತ್ತದೆ. ಬಯಲಿನಲ್ಲಿ ಅಷ್ಟು ಸಾಕು. ಬೆಟ್ಟ ಹತ್ತುವಾಗ? ಮೂರನೆಯ ತಿರುವಿನಲ್ಲಿ ಎಣ್ಣೆ ಕುದಿಯುತ್ತದೆ, ಐದನೆಯದರಲ್ಲಿ ಸುಟ್ಟ ವಾಸನೆ, ಆಮೇಲೆ ಗಾಡಿ ಮುಂದಕ್ಕೂ ಇಲ್ಲ ಹಿಂದಕ್ಕೂ ಇಲ್ಲ. ಇಲ್ಲ, ಮೂರೇ ಇಟ್ಟಿದ್ದೆ. ಇಲ್ಲ, ನಾಲ್ಕು, ನಾಲ್ಕು ಬಾಯಿಗೆ ಮೂರು ಹೇಗೆ ಇಟ್ಟೇನು? ಕೋಳಿಯೇ ತಿಂದಿರಬೇಕು.

"ಏನ್ ಮೇಸ್ತ್ರಿ, ಇಳೀತೀಯ ಅತ್ತೀಯ, ಹರಕೆನಾ?" ಎಂದ ಕಂಡಕ್ಟರು.

"ನಿನ್ನ ಡ್ರೈವರ್ಗೆ ಏಳು, ಗಾಡೀಗೂ ಎತ್ತಿನ ಗಾಡೀಗೂ ಯತ್ವಾಸ ಅದೆ ಅಂತ."

ಹನೂರಿನ ಬಸ್‌ ಸ್ಟ್ಯಾಂಡಿನಲ್ಲಿ ಬಾಳೆಹಣ್ಣು ಮಾರುವ ರಾಮಮ್ಮನನ್ನು ಕೇಳಿದ. ಕಣ್ಣಾಸ್ಪತ್ರೆಯ ವ್ಯಾನು ನರ್ಸಮ್ಮನನ್ನು ಹತ್ತಿಸಿಕೊಂಡು ಕಾಲು ಗಂಟೆಯ ಹಿಂದೆ ಹೋಯಿತು ಎಂದಳು. ಬಸ್ಸಿನ ಡ್ರೈವರು ಊಟಕ್ಕೆ ಇಳಿದಿದ್ದ. ಮುದ್ದೆ ಮುರಿಯಲು ಶುರು ಮಾಡಿದ್ದನಷ್ಟೆ. ಕಾಯುವುದು ಕೆಂಪನಂಜಪ್ಪನ ಹಣೆಯಲ್ಲಿ ಬರೆದಿರಲಿಲ್ಲ. ಕೌದಳ್ಳಿ ಕಡೆಗೆ ಹೊರಟಿದ್ದ ಖಾಲಿ ಲಾರಿಗೆ ಕೈ ಅಡ್ಡ ಹಾಕಿ ಹತ್ತಿದ. ಆ ಲಾರಿಯ ಎಂಜಿನ್ನಿನಲ್ಲೂ ಒಂದು ಸಣ್ಣ ಲಟ್ ಇತ್ತು. ಅವನ ಕಿವಿಗೆ ಅದು ಬಿತ್ತು. ಹುಟ್ಟಿದಾಗಿನಿಂದ ಮೊದಲ ಸಲ, ಕಾಯಿಲೆಯ ಸದ್ದು ಕೇಳಿಯೂ ಬಾಯಿ ಬಿಡದೆ ಕೂತ.

ಕೌದಳ್ಳಿಯ ಟೀ ಅಂಗಡಿಯ ಮುಂದೆ ವ್ಯಾನು ನಿಂತಿತ್ತು. ಲಾರಿ ನಿಲ್ಲುವ ಮೊದಲೇ ಅವನು ನೆಗೆದ.

ವ್ಯಾನು ನಿಂತದ್ದು ಗೂಡಿನಿಂದಲ್ಲ, ಗುರುಸಿದ್ದಮ್ಮನಿಂದ. ಆ ಅಜ್ಜಿ ಕೌದಳ್ಳಿಯವಳು. ಅವಳ ಎರಡು ಕಣ್ಣಿಗೂ ಪೊರೆ ಬಂದಿತ್ತು. ವಾಪಸು ಬರುವಾಗ ಹತ್ತಿಸಿಕೊಳ್ಳುತ್ತೇವೆ, ಇಲ್ಲೇ ಕೂತಿರಿ ಎಂದು ನರ್ಸ್ ಯಶೋದ ಹೇಳಿದ್ದರೆ, ಅಜ್ಜಿ ಗಂಟಿನ ಸಮೇತ ವ್ಯಾನು ಹತ್ತಿ ಕಂಬಿ ಹಿಡಿದು ಕೂತಿದ್ದಳು.

"ಬರೋವಾಗ ಮರ್ತು ಓಯ್ತೀರಿ. ಓದ್ಸಲಿ ಇಂಗೇ ಮಾಡಿದ್ರಿ. ನಾನು ಇಳಿಯಕ್ಕಿಲ್ಲ, ಗೋಪಿನಾಥಂ ನೋಡ್ಕಂಡೇ ಬತ್ತೀನಿ."

"ನೋಡೋದಕ್ಕೆ ಕಣ್ಣೆಲ್ಲಿ ಅದೆ ಅಜ್ಜಿ ನಿಂಗೆ?" ಎಂದ ಚಿನ್ನಸ್ವಾಮಿ.

"ಅದಕ್ಕೇ ಕಣ್ಲಾ ಈಗ ಬಂದ್ರೆ ಪುಕ್ಕಟೆ. ಕಣ್ಣು ಬಂದ್ಮೇಲೆ ಆದ್ರೆ ನಿನ್ನ ಮುಖಾನೂ ನೋಡ್ಬೇಕಾಯ್ತದೆ."

ಟೀ ಅಂಗಡಿಯವರು ನಕ್ಕರು. ಆ ನಗುವಿನ ನಡುವೆ ಕೆಂಪನಂಜಪ್ಪ ಬಂದು, ಗೋಣಿಚೀಲ ಹಾಸಿ ವ್ಯಾನಿನಡಿ ಮಲಗಿದ. ಮುಂದಕ್ಕೆ ಹೋಗುವ ಪೈಪಿಗೆ ಬೆರಳು ತಾಗಿಸಿದ; ಚುರ್ ಎಂದು ಸುಟ್ಟಿತು. ಹಿಂದಕ್ಕೆ ಬರುವ ಹೊಸ ಪೈಪನ್ನು ಮುಟ್ಟಿದ. ಮಡಕೆಯ ನೀರಿನ ಹಾಗೆ ತಣ್ಣಗಿತ್ತು.

"ಎನ್ನಾಚಣ್ಣಾ, ಇಲ್ಲೀಗಂಟ ಓಡಿ ಬಂದಿದ್ದೀಯ?" ಚಿನ್ನಸ್ವಾಮಿ ಬಗ್ಗಿ ಕೇಳಿದ. "ಗಾಡಿ ಬೆಣ್ಣೆ ಆಗಿ ಓಡ್ತಾ ಅದೆ."

"ವಾಪಸ್ ಪೈಪು ತಣ್ಣಗದೆ ಕಣ್ಲಾ."

"ಕೂಲರ್ ಅಂದ್ಮೇಲೆ ತಣ್ಣಗಿರ್ದೆ ಬಿಸಿ ಇರ್ತದಾ? ಚೆನ್ನಾಗಿ ಕೆಲ್ಸ ಮಾಡ್ತಾ ಅದೆ ಅಂತ ತಾನೆ?"

ಚಿನ್ನಸ್ವಾಮಿ ತಿಳಿದದ್ದು ಅಷ್ಟು. ಕೂಲರಿನಲ್ಲಿ ತಣಿದ ಎಣ್ಣೆಯೂ ಕೂಸಿನ ಸ್ನಾನದ ನೀರಿನಷ್ಟಾದರೂ ಬೆಚ್ಚಗಿರಬೇಕು; ಪೈಪು ಹೀಗೆ ತಣ್ಣಗಿದ್ದರೆ ಅದರೊಳಗೆ ನುಸುಳುತ್ತಿರುವುದು ತೊಟ್ಟು ಎಣ್ಣೆ ಮಾತ್ರ. ಕೋಳಿಯ ಮೇಲಿನ ಅನುಮಾನ ಅಲ್ಲಿಗೆ ತೀರಿತು. ಕೆಂಪನಂಜಪ್ಪ ವ್ಯಾನಿನಡಿ ಮಲಗಿಕೊಂಡೇ ಸುಟ್ಟ ಬೆರಳನ್ನು ಅಂಗಿಗೆ ಒರೆಸಿಕೊಂಡ. ಮೇಲೆ ಎದ್ದು ಹೇಳಬೇಕು. ಬೇರೆ ಏನಾದರೂ ಹೇಳಬಹುದು: ನಟ್ಟು ಸಡಿಲವಾಗಿದೆ, ಹೊಸ ಪೈಪು, ಪರೀಕ್ಷೆಗೆ ಬಂದೆ. ಯಾರಿಗೂ ತಿಳಿಯುವುದಿಲ್ಲ. ಆದರೆ ನಟ್ಟು ಬಿಗಿಯಲು ಐದು ನಿಮಿಷ ಸಾಕು. ಗೂಡು ತೆಗೆಯಲು ಒಂದು ಗಂಟೆ ಬೇಕು. ಒಂದು ಗಂಟೆ ಕೊಡಿ ಎಂದು ಸುಳ್ಳು ಹೇಳಿ ಕೇಳುವುದು ಹೇಗೆ?

ಹೊರಗೆ ಬಂದು ಯಶೋದಳ ಮುಂದೆ ನಿಂತ. "ನರ್ಸಮ್ಮ, ನಾನು ಕೂಲರೊಳಗೆ ಒಂದು ಗೂಡು ಬುಟ್ಬುಟ್ಟಿದ್ದೀನಿ. ಇಂಗೇ ಬೆಟ್ಟ ಅತ್ತಿದ್ರೆ ಗೇರುಪೆಟ್ಟಿಗೆ ಸುಟ್ಟೋಯ್ತದೆ. ಬಿಚ್ಚಬೇಕು."

ಯಶೋದ ಗಡಿಯಾರ ನೋಡಿದಳು. ಎರಡಾಗಲು ಐದು ನಿಮಿಷ.

"ಆರಕ್ಕೆ ಗೇಟ್ ಹಾಕ್ತಾರೆ ನಂಜಪ್ಪಣ್ಣ. ಹೋಗಿ ಅವರನ್ನ ಹತ್ತಿಸ್ಕೊಂಡು ಅಷ್ಟರೊಳಗೆ ಗೇಟು ದಾಟಬೇಕು. ಒಂಬತ್ತು ಜನ ಬೆಳಿಗ್ಗೆಯಿಂದ ಮರದಡಿ ಕೂತಿರ್ತಾರೆ."

"ಗೊತ್ತು."

"ಅತ್ತು ವರ್ಷ ಮಾತೆತ್ತಬ್ಯಾಡ ಅಂದ್ಯಲ್ಲಣ್ಣಾ," ಎಂದ ಚಿನ್ನಸ್ವಾಮಿ, ಮೆಲ್ಲಗೆ. "ಮೂರು ಗಂಟೆನೂ ಆಗ್ನಿಲ್ಲ."

ಕೆಂಪನಂಜಪ್ಪ ತಲೆ ತಗ್ಗಿಸಿದ. "ಒಂದು ಗ್ರಾಚಾರದ ಲಾರಿ ಇಂದೆ ಓಡಿದ್ನಲ್ಲ, ಆಗ."

ಯಶೋದ ದಾರಿ ಬಿಟ್ಟು ಪಕ್ಕಕ್ಕೆ ಸರಿದಳು. "ಬಿಚ್ಚಿ" ಎಂದಳು.

ಟೀ ಅಂಗಡಿಯ ಅಲ್ಯೂಮಿನಿಯಂ ಬೇಸಿನ್ನು ಬಂತು. ಒದ್ದೆ ಗೋಣಿ ಸುತ್ತಿ ಸುತ್ತಿ ಪೈಪಿನ ಬಿಸಿ ಇಳಿಸಿದರು. ನಟ್ಟು ಸಡಿಲವಾದಾಗ ಕೆಂಪೆಣ್ಣೆ ಬೇಸಿನ್ನಿಗೆ ಸುರಿಯಿತು. ಕೆಂಪನಂಜಪ್ಪ ಬಿಸಿ ಎಣ್ಣೆ ಒಳಗೆ ಹೋಗುವ ಕೂಲರಿನ ಕೆಳಬಾಯಿಗೆ ಬೆರಳು ಹಾಕಿದ. ಏನೂ ಇಲ್ಲ. ಇನ್ನೊಂದು ಗೆಣ್ಣು ಒಳಗೆ ತುರುಕಿದ. ಆಳದಲ್ಲಿ, ಬಾಯಿ ಕಿರಿದಾಗುವ ಕಡೆ, ಏನೋ ಮೆತ್ತಗೆ ತಾಗಿತು. ಬೆರಳಿಗೆ ಸಿಕ್ಕದು, ಜಾರುತ್ತದೆ. ತಂತಿಯ ಕೊಕ್ಕೆ ಮಾಡಿ ಎಳೆದ, ಹರಿದು ಎಳೆ ಬಂತು. ಹರಿದು ಚೂರಾದರೆ ಕೂಲರಿನೊಳಗೆ ಸೇರಿ ಅಲ್ಲೇ ಕೂರುತ್ತದೆ, ಆಮೇಲೆ ದೇವರೇ ಬಂದರೂ ತೆಗೆಯಲಾಗದು.

"ಸೀಕ್ರಂ ಅಣ್ಣಾ, ಬೇಗ," ಎಂದ ಚಿನ್ನಸ್ವಾಮಿ.

"ಬಾಯಿ ಮುಚ್ಕಂಡು ಬೇಸಿನ್ ಇಡ್ಕಾ."

ಆಗ ಅವನಿಗೆ ಅಪ್ಪನ ಕೈ ನೆನಪಾಯಿತು. ಬಾನಿಯ ನೀರಿನಲ್ಲಿ ಎಳೆ ಹಿಡಿಯುವಾಗ ಅಪ್ಪ ಎಳೆಯುತ್ತಿರಲಿಲ್ಲ, ಸುತ್ತುತ್ತಿದ್ದ. ಕೆಂಪನಂಜಪ್ಪ ಹೊರಬಂದಿದ್ದ ಎಳೆಯನ್ನು ತಂತಿಗೆ ಸುತ್ತಿ, ತಂತಿಯನ್ನು ಒಂದೇ ದಿಕ್ಕಿಗೆ ನಿಧಾನವಾಗಿ ತಿರುಗಿಸಿದ. ಪಕ್ಕದ ರಸ್ತೆಯಲ್ಲಿ ಒಂದಲ್ಲ, ಮೂರು ಗಾಡಿ ಹೋದವು. ಅವುಗಳ ಸದ್ದು ಹೇಗಿತ್ತೆಂದು ಇವತ್ತಿಗೂ ಅವನಿಗೆ ಗೊತ್ತಿಲ್ಲ. ಎಳೆಯ ಹಿಂದೆ ಎಳೆ ಸುತ್ತಿಕೊಂಡು, ಕೊನೆಗೆ ಉದ್ದಕ್ಕೆ ಜಗ್ಗಿದ ಕಾಲುಚೀಲದ ಹಾಗೆ ಕಪ್ಪು ಕೆಂಪಿನ ಒಂದು ಮುದ್ದೆ ಜಾರಿ ಅಂಗೈಗೆ ಬಿತ್ತು.

"ಇಲಿ ಮರಿ," ಎಂದ ಟೀ ಅಂಗಡಿಯವನು.

"ಎಲ್ಲಿ ಕೊಡಿಲ್ಲಿ," ಎಂದು ಗುರುಸಿದ್ದಮ್ಮ ವ್ಯಾನಿನ ಕಿಟಕಿಯಿಂದ ಕೈ ಚಾಚಿದಳು. ಎರಡು ಬೆರಳಲ್ಲಿ ಹಿಸುಕಿ ನೋಡಿದಳು. "ಗೂಡು ಕಣಪ್ಪ. ತೂತು ಗೂಡು. ನಲವತ್ತು ವರ್ಷ ಹುಳ ಸಾಕಿದೋಳು ನಾನು. ಇದ್ಯಾಕಪ್ಪ ಗಾಡಿ ಒಟ್ಟೇಲಿ?"

ಕೆಂಪನಂಜಪ್ಪ ಅದನ್ನು ಅವಳ ಕೈಯಿಂದ ಈಸಿಕೊಂಡು ತಿರುಗಿಸಿ ಮುರುಗಿಸಿ ನೋಡಿದ, ಚೂರು ಉಳಿದಿಲ್ಲ ಎಂದು ಖಾತ್ರಿ ಮಾಡಿಕೊಂಡ. ಯಶೋದ ಕಣ್ಣಿಗೆ ಕಟ್ಟುವ ಪಟ್ಟಿಬಟ್ಟೆ ಬಿಚ್ಚಿ ಕೊಟ್ಟಳು; ಅದರಲ್ಲಿ ಎಣ್ಣೆ ಸೋಸಿ ಮತ್ತೆ ಹುಯ್ದು, ಕಡಿಮೆ ಬಿದ್ದದ್ದನ್ನು ಪುಟ್ಟಬಸಮ್ಮ ಕೊಟ್ಟ ಡಬ್ಬಿಯಿಂದ ತುಂಬಿದರು. ಎಂಜಿನ್ ಚಾಲೂ ಆದ ಮೇಲೆ ಅವನು ಮತ್ತೆ ಮಲಗಿ, ವಾಪಸು ಪೈಪಿನ ಮೇಲೆ ಅಂಗೈಯಿಟ್ಟು ಕಾದ. ಮೊದಲು ತಣ್ಣಗೆ. ಆಮೇಲೂ ತಣ್ಣಗೆ. ಆಮೇಲೆ, ಜ್ವರ ಬರುವವನ ಹಣೆಯಂತೆ, ಬೆಚ್ಚಗಾಗುತ್ತ ಬಂತು.

ಮೂರು ಗಂಟೆಗೆ ಹೊರಟ ವ್ಯಾನಿನಲ್ಲಿ ಅವನೂ ಇದ್ದ, ಗುರುಸಿದ್ದಮ್ಮನೂ ಇದ್ದಳು. ಇಳಿಸಲು ಯಾರಿಗೂ ಹೊತ್ತಿರಲಿಲ್ಲ. ತಿರುವು ತಿರುವಿಗೂ ಅವನು ಮೂಗೆತ್ತಿ ಗಾಳಿ ಮೂಸುತ್ತಿದ್ದ. ಸುಟ್ಟ ವಾಸನೆ ಬರಲಿಲ್ಲ. ಬೆಟ್ಟದ ಮೇಲೆ ಒಮ್ಮೆ, ಬೆಟ್ಟ ಇಳಿದ ಮೇಲೆ ಒಮ್ಮೆ ಗಾಡಿ ನಿಲ್ಲಿಸಿ ಪೈಪು ಮುಟ್ಟಿದ. ಮೂರನೆಯ ಸಲ ನಿಲ್ಲಿಸು ಎಂದಾಗ ಚಿನ್ನಸ್ವಾಮಿ ಕೇಳದವನಂತೆ ಓಡಿಸಿದ. ಗೋಪಿನಾಥಂನಲ್ಲಿ ಮರದಡಿ ಕೂತಿದ್ದ ಒಂಬತ್ತು ಮಂದಿಯನ್ನು ಅವನೇ ಒಬ್ಬೊಬ್ಬರನ್ನಾಗಿ ಕೈಹಿಡಿದು ಹತ್ತಿಸಿದ. ಗಂಟುಗಳನ್ನು ಎಸೆದಂತೆ ಒಳಗೆ ಹಾಕಿದ. ಚೆಕ್‌ಪೋಸ್ಟಿನಲ್ಲಿ ಪೇದೆ ಗೇಟಿನ ಹಗ್ಗಕ್ಕೆ ಕೈಯಿಟ್ಟಿದ್ದ. ವ್ಯಾನಿನ ದೀಪ ಕಂಡು, ಒಂದು ಗಳಿಗೆ ಯೋಚಿಸಿ, ಹಗ್ಗ ಬಿಟ್ಟು ದಾರಿ ಕೊಟ್ಟ.

ಕತ್ತಲಾಗಿ ಮನೆಗೆ ಬಂದವನು ಜೇಬಿನಿಂದ ಆ ಗೂಡನ್ನು ತೆಗೆದು ಪುಟ್ಟಬಸಮ್ಮನ ಮುಂದಿಟ್ಟ. ಅವಳು ನೋಡಿದಳು, ಊಟ ಬಡಿಸಿದಳು. ಮಾರನೆಯ ದಿನ ಅವನು ಶೆಡ್ಡಿಗೆ ಹೋಗುವ ಹೊತ್ತಿಗೆ ನಾಲ್ಕು ತೂತು ಗೂಡುಗಳನ್ನು ಮೊಳಕ್ಕೊಂದರಂತೆ ಕೆಂಪು ರೇಷ್ಮೆದಾರಕ್ಕೆ ಪೋಣಿಸಿ ಇಟ್ಟಿದ್ದಳು. ದಾರದ ತುದಿಯಲ್ಲಿ ಒಂದು ಕುಣಿಕೆ.

"ಕುಣಿಕೆ ಯಾಕೆ?"

"ಎಡಗೈಗೆ ಆಕ್ಕಳಕೆ. ಗೂಡು ಪೈಪಲ್ಲಿ ಇರೋ ಗಂಟ ಕುಣಿಕೆ ಕೈಲಿರ್ಲಿ. ಕಟ್ಟಾಕಿರೋ ದನ ಎದ್ದು ಓಡಕ್ಕೆ ನೋಡ್ತದೆ, ಹಗ್ಗ ಜಗ್ತದೆ, ನಿಂತ್ಕತದೆ. ಅಷ್ಟೇಯ."

ಮೇಸ್ತ್ರಿಗಳು ಮತ್ತೆ ನಕ್ಕರು. ಕಂಕಣ ಕಟ್ಟಿಕೊಂಡ ಮದುಮಗ ಎಂದರು. ಎರಡು ತಿಂಗಳ ಮೇಲೆ, ಕಣ್ಣಿನ ಪಟ್ಟಿ ಬಿಚ್ಚಿಸಿಕೊಂಡ ಗುರುಸಿದ್ದಮ್ಮ ಸಂತೆಗೆ ಬಂದವಳು ಶೆಡ್ಡು ಕೇಳಿಕೊಂಡು ಬಂದು, ಅವನನ್ನು ಮೇಲಿಂದ ಕೆಳಗೆ ನೋಡಿದಳು. "ನೀನೇನಾ? ದನಿ ಕೇಳಿ ಎತ್ತರ ಇದ್ದೀಯ ಅನ್ಕಂಡಿದ್ದೆ." ಆಮೇಲೆ ಬೆಂಚಿನ ಮೇಲಿದ್ದ ಪೋಣಿಸಿದ ಗೂಡುಗಳನ್ನು ಕಣ್ಣಿನಿಂದ ನೋಡಿ, ಸಾಲದೆ ಬೆರಳಿನಿಂದಲೂ ಹಿಸುಕಿ ನೋಡಿ, "ಇದು ಸರಿ" ಎಂದು ಹೋದಳು.

ವ್ಯಾನು ಆಮೇಲೂ ಏಳು ವರ್ಷ ಓಡಿತು. ಎರಡು ಸಾವಿರದ ಮೂರರಲ್ಲಿ ಅದು ನಿಂತದ್ದು ಎಂಜಿನ್ನಿನಿಂದ, ಗೇರುಪೆಟ್ಟಿಗೆಯಿಂದಲ್ಲ. ಅಷ್ಟರಲ್ಲಿ ಹನೂರು ರಸ್ತೆಯ ಎರಡು ಮೂರು ಶೆಡ್ಡುಗಳಲ್ಲಿ ಪೋಣಿಸಿದ ಗೂಡು ಕಾಣಿಸುತ್ತಿತ್ತು. ಕುಣಿಕೆ ಮಾತ್ರ ಕೆಂಪನಂಜಪ್ಪನ ಕೈಯಲ್ಲಿ ಬಿಟ್ಟರೆ ಬೇರೆ ಯಾರ ಕೈಯಲ್ಲೂ ಇರಲಿಲ್ಲ. ಅವರಿಗೆ ಬೇಕಾಗಿಯೂ ಇರಲಿಲ್ಲ.

ಅವನ ತಲೆ ನರೆತಿದೆ. ಓಟ ನಿಂತಿಲ್ಲ. ರಸ್ತೆಯಲ್ಲಿ ಏನಾದರೂ ಟಕಟಕ ಎಂದರೆ ಸಾಕು, ಗಾಡಿಯಡಿಯಿಂದ ಎರಡು ಕಾಲು ಹೊರಗೆ ಬರುತ್ತವೆ, ಸೊಂಟ ಬರುತ್ತದೆ, ಆಮೇಲೆ ಎಡಗೈ ಒಳಗೇ ಜಗ್ಗಿ ನಿಲ್ಲುತ್ತದೆ. ಅವನು ರಸ್ತೆಯನ್ನೊಮ್ಮೆ ನೋಡುತ್ತಾನೆ, ಕೈಯನ್ನೊಮ್ಮೆ ನೋಡುತ್ತಾನೆ. ಲಾರಿ ದೂರ ಹೋಗುತ್ತಿರುತ್ತದೆ. ಬೈದುಕೊಳ್ಳುತ್ತ ಮತ್ತೆ ಒಳಗೆ ಸರಿದು ಒಂದೊಂದೇ ಗೂಡು ತೆಗೆಯುತ್ತಾನೆ: ಒಂದು, ಎರಡು, ಮೂರು, ನಾಲ್ಕು. ನಟ್ಟು ಬಿಗಿದು, ಕುಣಿಕೆ ಕಳಚಿ ಮುಚ್ಚಳಕ್ಕೆ ಹಾಕಿ, ಆಮೇಲೆ ಓಡುತ್ತಾನೆ.